ತಕ್ಕಡಿಯ ನಾಲಿಗೆ

ಬೆಂಡಿಗೋ. ಜೂನ್ ತಿಂಗಳ ಚಳಿ. ಹೀಟರಿನತ್ತ ಕಾಲು ಚಾಚಿ
ನಲವತ್ಮೂರು ಎಸ್ಸೇ ತಿದ್ದಬೇಕು ಸೋಮವಾರದೊಳಗೆ.
ಬಾಗಿಲ ಮೇಲೆ ಹೆಸರು: ಡಾ. ಸುಗಂಧಾ ಪತ್ತಾರ.
ಇಲ್ಲಿಯವರ ಬಾಯಲ್ಲಿ ಪ್ಯಾಟರ್.
ತಗಡಿನ ಮಾಡಿಗೆ ಬೀಳುವ ಹನಿಗಳ ಸದ್ದಿಗೂ ಇವರಲ್ಲಿ ಅದೇ ಮಾತು.
ಇರಲಿ ಬಿಡಿ. ತಿದ್ದಲು ಬೇರೆ ಬೇಕಾದಷ್ಟಿದೆ.

ಇಪ್ಪತ್ತೇಳನೆಯದು ಡೆಸ್ ಹ್ಯಾಲೊರನ್‌ನದು.
ಅರವತ್ಮೂರು ವಯಸ್ಸು, ಕೊನೆಯ ಬೆಂಚು, ಹಲ್ಲುಸೆಟ್ಟಿನ ನಗೆ.
ಮೊದಲ ವಾರವೇ ಕೈಯೆತ್ತಿದ್ದ:
"ಮೂವತ್ತು ವರ್ಷ ಗಣಿಯ ಲ್ಯಾಬಿನಲ್ಲಿ ಅಸ್ಸೇ ಮಾಡಿದವನು ನಾನು.
ಈ ಎಸ್ಸೇ ಅದರ ತಂಗಿಯೋ, ಬರೀ ನೆರೆಯವಳೋ?"
ಹುಡುಗರು ನಕ್ಕರು. ನನಗೆ ಗೊತ್ತಿರಲಿಲ್ಲ.
ಹದಿನಾಲ್ಕು ವರ್ಷ ಕಲಿಸಿದ ಪದ,
ತಾಯಿ ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಆ ರಾತ್ರಿ ನಿಘಂಟು ತೆಗೆದೆ.
ಫ್ರೆಂಚಿನಲ್ಲಿ ಯತ್ನ. ಅದರಾಚೆ, ಲ್ಯಾಟಿನ್ನಿನ ಅಡುಗತ್ತಲಲ್ಲಿ,
ತೂಕ.
ಎಸ್ಸೇ, ಅಸ್ಸೇ ಒಂದೇ ಬಸಿರಿನವು.
ಕೇಳದೆಯೇ ಇನ್ನೊಂದು ಸಿಕ್ಕಿತು:
ಎಕ್ಸಾಮ್ ಅಂದರೆ ಮೂಲದಲ್ಲಿ ತಕ್ಕಡಿಯ ನಾಲಿಗೆ,
ದಂಡಿಗೆಯ ನಡುವೆ ನಿಂತು ಅತ್ತಿತ್ತ ತುಯ್ಯುವ ಸಣ್ಣ ಮುಳ್ಳು.

ಗುಲಗಂಜಿಗೆ ತನ್ನ ಕಪ್ಪು ತನಗೆ ಕಾಣದು ಅನ್ನುತ್ತಾರಲ್ಲ, ಹಾಗಾಯಿತು.
ರೋಣದ ಓಣಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಅಪ್ಪನ ತಕ್ಕಡಿ.
ಒಂದು ತಟ್ಟೆಯಲ್ಲಿ ಯಾರದೋ ಮುರಿದ ಬೆಂಡೋಲೆ,
ಇನ್ನೊಂದರಲ್ಲಿ ಅದೇ ಕೆಂಪು ಕಾಳು, ಎಣಿಸಿ ಎಣಿಸಿ.
"ಉಸಿರ ಬಿಗಿ ಹಿಡಿ, ಸುಗಂಧಿ,
ಉಸಿರಿಗೂ ತೂಕ ಐತಿ.
ನಿಂದನ್ನ ಗಿರಾಕಿ ಲೆಕ್ಕಕ್ಕ ಹಚ್ಚಬ್ಯಾಡ."

ನಮ್ಮ ಪದ ಬೇರೆ ದಾರಿ ಹಿಡಿದಿತ್ತು. ಪ್ರಬಂಧ: ಬಿಗಿದು ಕಟ್ಟಿದ್ದು.
ಶಾಲೆಯಲ್ಲಿ ಕಟ್ಟಿದ್ದೇ ಕಟ್ಟಿದ್ದು,
ಆಕಳು, ಅಂಚೆಯವನು, ಸಮಯದ ಮಹತ್ವ,
ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಗಂಟು.
ಕಟ್ಟಿನೊಳಗೆ ಏನಿದೆಯೆಂದು ಯಾರೂ ತೂಗಿ ನೋಡಲಿಲ್ಲ.

ಡೆಸ್ ಬರೆದದ್ದು ಒಂದು ಮಂಗಳವಾರದ ಬಗ್ಗೆ.
ಅದಿರು ಅರೆದು, ಸೀಸದ ಜೊತೆ ಮೂಸೆಯಲ್ಲಿ ಕರಗಿಸಿ,
ಆ ಗುಂಡನ್ನು ಮೂಳೆಬೂದಿಯ ಬಟ್ಟಲಿಗಿಟ್ಟು ಕುಲುಮೆಗೆ ತಳ್ಳಿದರೆ
ಬೂದಿ ಸೀಸವನ್ನೆಲ್ಲ ಕುಡಿದುಬಿಡುತ್ತದೆ.
ಕುಡಿಯದೆ ಬಿಟ್ಟದ್ದು ಚಿನ್ನ, ಸಾಸಿವೆಗಿಂತ ಚಿಕ್ಕದು.
ಆ ದಿನ ಉಳಿದದ್ದು ಸಾಸಿವೆಯ ನೆರಳು.
ಮತ್ತೆ ಮಾಡು ಅಂದರು ಮೇಲಿನವರು. ಮಾಡಿದ. ಅಷ್ಟೇ ಬಂತು.
ಇನ್ನೊಮ್ಮೆ ಅಂದರು, ಈ ಸಲ ಮೆತ್ತಗೆ, ಹೆಗಲ ಮೇಲೆ ಕೈಯಿಟ್ಟು.
ಮೂರನೆಯ ಅಂಕಿಯನ್ನೂ ಬಂದ ಹಾಗೇ ಬರೆದ.
ಕ್ರಿಸ್‌ಮಸ್ಸಿಗೆ ಮುಂಚೆ ಗಣಿ ಮುಚ್ಚಿತು. ಅವನ ತಮ್ಮನೂ ಅಲ್ಲೇ ಕೆಲಸಕ್ಕಿದ್ದ.
ಅಲ್ಲಿಗೆ ನಿಂತಿದೆ ಬರಹ. ಉಪಸಂಹಾರವಿಲ್ಲ.
ಎರಡು ಸಾವಿರ ಪದ ಕೇಳಿದ್ದೆ, ಇರುವುದು ಸಾವಿರದ ಮುನ್ನೂರು.

ನಿಯಮದ ಹಾಳೆಯಲ್ಲಿ ಅದಕ್ಕೊಂದು ಸಾಲಿದೆ:
ಕಡಿಮೆ ಬಿದ್ದರೆ ಎಂಟು ಅಂಕ ಕಳೆ.
ಪೆನ್ನು ಹಿಡಿದು ಕೂತೆ.
ನನ್ನ ಹೆಗಲ ಮೇಲೂ ಒಂದು ಕೈ, ಮೆತ್ತಗೆ,
ನನ್ನದೇ. ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?
ಹೊರಗೆ ತಗಡು ನನ್ನ ಹೆಸರನ್ನು ತಪ್ಪುತಪ್ಪಾಗಿ ಕರೆಯುತ್ತಿತ್ತು.
ಉಸಿರು ಬಿಗಿ ಹಿಡಿದೆ.
ಎಂಟು ಕಳೆದೆ.

ಗುರುವಾರ ಬಂದ. ನಿಂತೇ ಹಾಳೆ ತಿರುವಿದ.
ಎಂಟರ ಮೇಲೆ ಬೆರಳಿಟ್ಟು ತಲೆಯಾಡಿಸಿದ, ಅಷ್ಟೇ.
ಬಾಗಿಲ ತನಕ ಹೋಗಿ ತಿರುಗಿ ಅಂದ:
"ಮೂರನೇ ಪುಟದಲ್ಲೊಂದು ಕಾಗುಣಿತದ ತಪ್ಪು. ನೀವು ಹಿಡಿದಿಲ್ಲ."

ನೋಡಿದೆ. ಅಸ್ಸೇ ಇರಬೇಕಾದಲ್ಲಿ
ಎಸ್ಸೇ.
ಪೆನ್ನಿಗೆ ಮುಚ್ಚಳ ಹಾಕಿದೆ.